ಚಳಿಜ್ವರ ಬಿಸಿಲು ಹುಡುಕುವುದೇಕೆ

“ಮತ್ತೆ ಬಾಯಿ ಹಾಕಿದೆಯಲ್ಲ ದುರುಗಿ. ಕಥೆ ಹೇಳು ಅನ್ನೋಳೂ ನೀನೇ, ನಡುವೆ ತಡೆಯೋಳೂ ನೀನೇ. ಕಥೆ ಮುಗಿಯೋದ್ರೊಳಗೆ ಆ ಮಾತ್ರೆ ಹೊಟ್ಟೆಯಲ್ಲಿರಬೇಕು” ಎಂದು ಮಗಳಿಗೆ ಗದರಿದೆ. ಶೆಡ್ಡಿನ ಮುಂದಿನ ಬಿಸಿಲಲ್ಲಿ ಕೌದಿ ಹೊದ್ದು ಗಡಗಡ ನಡುಗುತ್ತಿದ್ದಳು. ಮಾತ್ರೆ ಮುಷ್ಟಿಯಲ್ಲೇ ಇತ್ತು.

ಲೋಕವಿನ್ನೂ ಹಸಿಹಸಿಯಾಗಿದ್ದಾಗ ನೀರಲ್ಲಿ ಒಂದು ಜೀವಿಯಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣದು. ಇಡೀ ಮೈಯೇ ಒಂದು ಜೀವಕೋಶ. ಕೈಯಿಲ್ಲ, ಕಾಲಿಲ್ಲ, ಬಾಯಿಯಿಲ್ಲ. ಒಳಗೊಂದು ಹಸಿರು ಚೀಲವಿತ್ತು. ಬಿಸಿಲು ಬಿದ್ದರೆ ಆ ಚೀಲವೇ ಅಡುಗೆ ಮಾಡಿ ಹಾಕುತ್ತಿತ್ತು.

ಒಂದು ದಿನ ಅದು ಹುಳುವೊಂದರ ಮೈಯೊಳಗೆ ಹೊಕ್ಕಿತು. ಅಲ್ಲಿ ಬೆಚ್ಚಗಿತ್ತು, ಊಟ ಪುಕ್ಕಟೆ.

“ಹೊರಗೆ ಬಾರೋ” ಎಂದು ಸೂರ್ಯ ಕರೆದ.

“ನಾಳೆ ಬರ್ತೀನಿ.”

“ಬಾಯಿಲ್ದೆ ಹೆಂಗ್ ಮಾತಾಡ್ತದವ್ವಾ?” ಎಂದಳು ದುರುಗಿ.

“ನಿನಗೆ ಜಾಸ್ತಿ ಐತಲ್ಲ, ಅದ್ರಲ್ಲಿ ಸ್ವಲ್ಪ ಕೊಡು. ಸುಮ್ಮನೆ ಕೇಳು.”

ಸೂರ್ಯ ಮತ್ತೆ ಕರೆದ. ಅದು ಮತ್ತೆ ನಾಳೆ ಅಂದಿತು. ನಾಳೆ, ನಾಳೆ ಅನ್ನುತ್ತಲೇ ಚೀಲದ ಹಸಿರೆಲ್ಲ ಇಳಿದುಹೋಯಿತು. ಅದು ಒಳಗಿಂದ ತಿಂದು ತಿಂದು ಹುಳುವೂ ಸತ್ತಿತು.

ಹೊರಬಂದಾಗ ಜೀವಿಗಳೆಲ್ಲ ಗಿಡದ ಜಾತಿ ಒಂದು ಕಡೆ, ಪ್ರಾಣಿ ಜಾತಿ ಒಂದು ಕಡೆ ಸಾಲು ಹಿಡಿದು ನಿಂತಿದ್ದವು. ಅದು ಪಾಚಿಯ ಸಾಲಿಗೆ ಹೋಯಿತು. “ಹಸಿರಿಲ್ಲದವನು ನಮ್ಮವನಾ?” ಎಂದಿತು ಪಾಚಿ. ಮೀನಿನ ಸಾಲಿಗೆ ಹೋಯಿತು. “ಗಿಡದ ಚೀಲ ಇಟ್ಟುಕೊಂಡು ಇಲ್ಲೇನು ಕೆಲಸ?” ಎಂದಿತು ಮೀನು.

ಆಗ ಸೊಳ್ಳೆ ಬಂತು. “ನನ್ನ ಜೊತೆ ಬಾ. ನೀನು ಯಾವ ಸಾಲಿನವನು ಅಂತ ನಾನು ಕೇಳೋದಿಲ್ಲ.”

ಅಂದಿನಿಂದ ಅದು ಮನುಷ್ಯರ ರಕ್ತದಲ್ಲಿದೆ. ಒಂದು ಕೆಂಪು ಕಣ ಹೊಕ್ಕು, ತಿಂದು, ಹತ್ತಾರಾಗಿ ಒಡೆದು ಹೊರಬರುತ್ತದೆ. “ಬಿಸಿಲೆಲ್ಲಿ?” ಅನ್ನುತ್ತದೆ. ಅಲ್ಲಿಯೂ ಕತ್ತಲೆ. ಇನ್ನೊಂದು ಕಣ ಹೊಗುತ್ತದೆ. ಹಾಗೆ ತಿನ್ನುತ್ತಲೇ ಇರುತ್ತದೆ; ಮನುಷ್ಯ ಸತ್ತರೂ ಅದಕ್ಕೆ ತಿಳಿಯುವುದಿಲ್ಲ.

“ಆಚೆ ಶೆಡ್ಡಿನ ಭರಮಪ್ಪಣ್ಣ ಹೋದದ್ದು ಹಾಗೇ. ಎರಡು ದಿನ ಮಾತ್ರೆ ತಿಂದ, ಜ್ವರ ಇಳಿದು ಮೈ ತಣ್ಣಗಾಯ್ತು, ಉಳಿದದ್ದನ್ನ ಚರಂಡಿಗೆಸೆದ” ಎಂದೆ. ದುರುಗಿ ಮುಷ್ಟಿ ಬಿಚ್ಚಿದಳು.

ಅದಕ್ಕೇ ಇವತ್ತಿಗೂ ಚಳಿಜ್ವರ ಬಂದವರು ನಡುಗುತ್ತ ಬಿಸಿಲಿಗೆ ಬಂದು ಕೂರುತ್ತಾರೆ. ಬಿಸಿಲು ಬೇಕಾಗಿರುವುದು ಅವರಿಗಲ್ಲ, ಒಳಗಿರುವುದಕ್ಕೆ.

ನೀರಿನ ಲೋಟ ತುಟಿಗೆ ಹಿಡಿದೆ. ಮುಖ ಕಿವುಚಿಕೊಂಡು ನುಂಗಿದಳು. ಆಮೇಲೆ ಎದೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು:

“ಅವ್ವಾ, ಈ ಮಾತ್ರೆಗೆ ಸಾಯೋಕಿಂತ ಮೊದಲು ಅದಕ್ಕೆ ಒಂದ್ಸಲನಾದ್ರೂ ಬಿಸಿಲು ತೋರಿಸಬಹುದಿತ್ತಾ?”