ಕೆಂಚನರಿಯ ತುಂಡು ದಾರಿಗಳು

ಒಂದು ಕಾಡಿನಲ್ಲಿ ಗುಡ್ಡದ ಬುಡಕ್ಕೆ ಒಂದು ಕೆರೆಯಿತ್ತು. ಗುಡ್ಡದ ಮೇಲೆ ಬಿದ್ದ ಮಳೆ ಹುಲ್ಲಿನ ಬೇರಿಗೆ ಇಂಗಿ, ಸಣ್ಣ ಸಣ್ಣ ತೊರೆಗಳಾಗಿ ಮೆಲ್ಲಗೆ ಇಳಿದು ಬಂದು ಆ ಕೆರೆ ಸೇರುತ್ತಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ, ದಡದಲ್ಲಿ ನಿಂತರೆ ತಳದಲ್ಲಿ ಓಡಾಡುವ ಮೀನುಗಳು ಕಾಣುತ್ತಿದ್ದವು. ಕಡು ಬೇಸಿಗೆಯಲ್ಲಿ ಕಾಡಿನ ಹಳ್ಳಗಳೆಲ್ಲ ಬತ್ತಿದರೂ ಆ ಕೆರೆ ಬತ್ತುತ್ತಿರಲಿಲ್ಲ.

ಆ ಕಾಡಿಗೆ ಹಿರಿಯಳು ಸಿದ್ದಮ್ಮ ಎಂಬ ಆನೆ. ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಅವಳ ಮನಸ್ಸು ಬೆಣ್ಣೆಯಂಥದ್ದು. ಯಾರಾದರೂ ಕಣ್ಣಲ್ಲಿ ನೀರು ತಂದುಕೊಂಡರೆ ಸಾಕು, ಅವಳ ಸೊಂಡಿಲು ತಾನಾಗಿ ಅವರ ಬೆನ್ನು ಸವರಲು ಹೋಗುತ್ತಿತ್ತು.

ಕಾಡಿನಲ್ಲಿ ಹೊಸ ದಾರಿ ಬೇಕಾದರೆ ಸಿದ್ದಮ್ಮನನ್ನೇ ಕೇಳಬೇಕಿತ್ತು. ಪೊದೆ ತುಳಿದು, ಮರ ತಳ್ಳಿ ದಾರಿ ಬಿಡಿಸುವವಳೂ ಅವಳೇ. ಆದರೆ ಕೇಳಿದ ಕೂಡಲೇ ಬಿಡಿಸುತ್ತಿರಲಿಲ್ಲ. ಜಾಗಕ್ಕೆ ಹೋಗಿ, ಅತ್ತ ಇತ್ತ ನೋಡಿ, ಯಾರಿಗೂ ತೊಂದರೆಯಿಲ್ಲ ಎನಿಸಿದರೆ ಮಾತ್ರ ಹೂಂ ಎನ್ನುತ್ತಿದ್ದಳು.

ಗುಡ್ಡದ ನೆತ್ತಿಯಲ್ಲಿ ಒಂದು ಗುಹೆ. ಅಲ್ಲಿ ಕೆಂಚ ಎಂಬ ನರಿ ವಾಸವಾಗಿತ್ತು. ಕೆಂಚನಿಗೆ ನೀರುಕೋಳಿಯ ಮೊಟ್ಟೆಯೆಂದರೆ ಪ್ರಾಣ. ಕೆರೆಯ ಜೊಂಡಿನ ನಡುವೆ ನೀರುಕೋಳಿಗಳು ಗೂಡು ಕಟ್ಟುತ್ತಿದ್ದವು. ಆದರೆ ಗುಹೆಗೂ ಕೆರೆಗೂ ನಡುವೆ ದಟ್ಟ ಮುಳ್ಳುಪೊದೆ. ಬಳಸಿಕೊಂಡು ಹೋದರೆ ಮರದ ಮೇಲಿನ ಮುಸುವಗಳು ನೋಡಿ ಕೂಗಿಬಿಡುತ್ತಿದ್ದವು. ಕೆಂಚ ತಲುಪುವಷ್ಟರಲ್ಲಿ ಇಡೀ ಕೆರೆಗೆ ಸುದ್ದಿ ಮುಟ್ಟಿರುತ್ತಿತ್ತು.

ಒಂದು ದಿನ ಕೆಂಚ ಸಿದ್ದಮ್ಮನ ಬಳಿ ಬಂದು ಬಾಲ ಮುದುರಿ ನಿಂತ.

"ದೊಡ್ಡಮ್ಮ, ನನ್ನ ಗುಹೆಯಿಂದ ಕೆರೆಗೆ ನೇರವಾಗಿ ಒಂದು ದಾರಿ ಬಿಡಿಸಿಕೊಡಿ. ನೀರು ಕುಡಿಯೋಕೆ ಸುತ್ತಿ ಬಳಸಿ ಬರೋದು ಕಷ್ಟ ಆಗ್ತಿದೆ."

ಸಿದ್ದಮ್ಮ ನಕ್ಕಳು. "ನಿನಗೆ ಬಾಯಾರಿಕೆ ಆಗೋದು ಯಾವ ಹೊತ್ತಲ್ಲಿ ಅಂತ ನನಗೆ ಗೊತ್ತು ಕಣೋ. ಆ ದಾರಿ ಬೇಡ. ಗುಡ್ಡವನ್ನ ಮೇಲಿಂದ ಕೆಳಗಿನವರೆಗೆ ಸೀಳಿದರೆ ಕೆರೆಗೆ ಒಳ್ಳೇದಲ್ಲ."

ಕೆಂಚ ಹೊರಟುಹೋದ. ಆದರೆ ದಾರಿಯುದ್ದಕ್ಕೂ ಯೋಚಿಸಿದ. 'ಇಡೀ ದಾರಿ ಕೇಳಿದರೆ ತಾನೆ ಇಲ್ಲ ಅನ್ನೋದು? ತುಂಡು ತುಂಡಾಗಿ ಕೇಳಿದರೆ? ಅದೂ ನಾನು ಕೇಳದೆ, ಬೇರೆಯವರ ಬಾಯಲ್ಲಿ ಕೇಳಿಸಿದರೆ?'

ಮೊದಲು ಅವನು ಕಾಡೆಮ್ಮೆಯ ಹತ್ತಿರ ಹೋದ. "ಅಕ್ಕ, ನನ್ನ ಗುಹೆ ಪಕ್ಕದ ಬಯಲಿಂದ ಆ ಉಪ್ಪುಮಣ್ಣು ನೆಕ್ಕೋಕೆ ಬರಲು ಎಷ್ಟು ಪರದಾಡ್ತೀರಿ! ಒಂದು ಚಿಕ್ಕ ದಾರಿ ಕೇಳಬಾರದಾ?" ಎಂದ. ಕಾಡೆಮ್ಮೆಗೆ ಹೌದೆನಿಸಿತು. ಹೋಗಿ ಕೇಳಿತು. ಸಿದ್ದಮ್ಮ ಬಂದು ನೋಡಿದಳು. ಹಾಳಾಗುವುದು ನಾಲ್ಕಾರು ಪೊದೆ ಮಾತ್ರ. ಕೆರೆಯಂತೂ ಎಲ್ಲೋ ಕೆಳಗಿದೆ. "ಇದರಿಂದ ಏನಾಗುತ್ತೆ, ಪಾಪ" ಎಂದು ದಾರಿ ಬಿಡಿಸಿಕೊಟ್ಟಳು.

ಆಮೇಲೆ ಕರಡಿಯ ಸರದಿ. ಉಪ್ಪುಮಣ್ಣಿನಿಂದ ಕೆಳಗಿನ ಹುತ್ತಗಳವರೆಗೆ ಅದಕ್ಕೊಂದು ದಾರಿ ಬೇಕಿತ್ತು. ಮರಿಯನ್ನು ಬೆನ್ನ ಮೇಲೆ ಹೊತ್ತುಕೊಂಡೇ ಕೇಳಲು ಬಂದಿತ್ತು. ಮರಿಯ ಮೂತಿ ನೋಡಿಯೇ ಸಿದ್ದಮ್ಮ ಕರಗಿಹೋದಳು. ದಾರಿ ಒಂದು ತೊರೆಯನ್ನು ದಾಟುತ್ತಿತ್ತು. ತೊರೆಗೆ ಒಂದಿಷ್ಟು ಮಣ್ಣು ಬಿತ್ತು. "ಒಂದಿಷ್ಟು ಮಣ್ಣು ತಾನೆ" ಎಂದುಕೊಂಡಳು.

ಹುತ್ತಗಳಿಂದ ಇಳಿಜಾರಿನ ಹುಲ್ಲುಗಾವಲಿಗೆ ಜಿಂಕೆಗಳು ದಾರಿ ಕೇಳಿದವು. ಅವುಗಳಲ್ಲಿ ಒಂದು ಬಸುರಿಯಾಗಿತ್ತು. ಇಲ್ಲ ಎನ್ನಲು ಸಿದ್ದಮ್ಮನಿಗೆ ಬಾಯಿ ಬರಲಿಲ್ಲ.

ಕೊನೆಗೆ ಬಂದದ್ದು ಮುದಿ ಮುಳ್ಳುಹಂದಿ. ಹುಲ್ಲುಗಾವಲಿನಿಂದ ಜೊಂಡಿನ ಪಕ್ಕದ ಗೆಡ್ಡೆಗಳವರೆಗೆ ಅದಕ್ಕೆ ದಾರಿ ಬೇಕಿತ್ತು. "ಕಾಲು ಎಳೀತದೆ ದೊಡ್ಡಮ್ಮ. ಪೊದೆಯಲ್ಲಿ ನುಗ್ಗೋಕೆ ಆಗಲ್ಲ. ಹಸಿದುಕೊಂಡು ಮಲಗ್ತೀನಿ" ಎಂದಿತು. ಅದು ಸುಳ್ಳು ಹೇಳಿರಲಿಲ್ಲ. ಹಾಗೆ ನೋಡಿದರೆ ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರಿಗೂ ದಾರಿ ನಿಜವಾಗಿಯೂ ಬೇಕಿತ್ತು. ಅದೇ ಕೆಂಚನ ಜಾಣತನ.

ಮುಳ್ಳುಹಂದಿಯ ದಾರಿಯನ್ನು ನೋಡಲು ಸಿದ್ದಮ್ಮ ಬಂದಾಗ ರಂಗಿ ಎಂಬ ನೀರುಕೋಳಿ ಜೊಂಡಿನಿಂದ ಹೊರಗೆ ಬಂತು.

"ದೊಡ್ಡಮ್ಮ, ಈಚೆಗೆ ಕೆರೆ ನೀರು ಕದಡಿಹೋಗಿದೆ. ಕರಡಿ ದಾರಿ ಆದಮೇಲೆ ಸ್ವಲ್ಪ, ಜಿಂಕೆ ದಾರಿ ಆದಮೇಲೆ ಇನ್ನೂ ಸ್ವಲ್ಪ. ಈಗ ಇದೂ ಆದರೆ..."

ಮುಳ್ಳುಹಂದಿಗೆ ಜೊತೆಯಾಗಿ ಬಂದಿದ್ದ ಕೆಂಚ ನಡುವೆ ಬಾಯಿ ಹಾಕಿದ. "ಅಲ್ಲ ರಂಗಕ್ಕ, ಕರಡಿ ದಾರಿಯ ವಿಷಯ ಅವತ್ತೇ ಮುಗೀತು. ಜಿಂಕೆ ದಾರಿಯ ವಿಷಯಾನೂ ಮುಗೀತು. ಇವತ್ತಿನ ಮಾತು ಮುಳ್ಳುಹಂದಿಯ ದಾರಿ. ಹೇಳು, ಇದೊಂದು ಪುಟ್ಟ ದಾರಿಯಿಂದ ಅಷ್ಟು ದೊಡ್ಡ ಕೆರೆ ಹಾಳಾಗುತ್ತಾ?"

"ಇದೊಂದರಿಂದಲೇ ಆಗಲ್ಲ, ಆದರೆ..."

"ನೋಡಿದಿರಾ ದೊಡ್ಡಮ್ಮ, ಅವಳೇ ಒಪ್ಪಿಕೊಂಡಳು!"

ರಂಗಿ ಸಿದ್ದಮ್ಮನ ಕಡೆ ತಿರುಗಿದಳು. ಮುಳ್ಳುಹಂದಿ ನಡುಗುವ ಕಾಲಿನ ಮೇಲೆ ನಿಂತು ಎಲ್ಲರ ಮುಖ ನೋಡುತ್ತಿತ್ತು. ಸಿದ್ದಮ್ಮ ರಂಗಿಯ ನೆತ್ತಿಯನ್ನು ಸೊಂಡಿಲ ತುದಿಯಿಂದ ಮುಟ್ಟಿ, "ಹೆದರಬೇಡ ಮಗಳೇ, ತುಂಬ ಚಿಕ್ಕ ದಾರಿ" ಎಂದಳು. ಆ ದಾರಿಯೂ ಆಯಿತು.

ಮಳೆಗಾಲ ಬಂತು.

ಹಿಂದೆಲ್ಲ ಮಳೆ ನೀರು ಹುಲ್ಲಿನಲ್ಲಿ ನಿಂತು ನಿಂತು ಇಳಿಯುತ್ತಿತ್ತು. ಈಗ ಅದಕ್ಕೆ ನುಣ್ಣನೆಯ ದಾರಿ ಸಿಕ್ಕಿತ್ತು. ನೀರು ನೆತ್ತಿಯಿಂದ ಧಾವಿಸಿ ಬಂತು. ಬರುಬರುತ್ತ ದಾರಿಯ ಮಣ್ಣನ್ನು ಕೊರೆದು ತಂತು. ತೊರೆಗಳು ಮಣ್ಣು ತುಂಬಿ ದಿಕ್ಕು ತಪ್ಪಿದವು. ಕೆರೆ ಕೆಂಪಾಯಿತು. ಮೀನುಗಳು ಉಸಿರುಗಟ್ಟಿ ಮೇಲೆ ತೇಲಿದವು. ರಂಗಿಯ ಗೂಡಿನ ಮೇಲೆ ಕೆಸರು ಹರಿದು ಮೊಟ್ಟೆಗಳೆಲ್ಲ ಹೂತುಹೋದವು.

ರಂಗಿ ಕೆಲವು ದಿನ ಏನನ್ನೂ ತಿನ್ನಲಿಲ್ಲ. ಆಮೇಲೆ ಕೆರೆಯ ನಡುವೆ ಉಳಿದಿದ್ದ ಒಂದು ಹಿಡಿ ಜೊಂಡಿನಲ್ಲಿ ಮತ್ತೆ ಗೂಡು ಕಟ್ಟಿ, ಮತ್ತೆ ಮೊಟ್ಟೆಯಿಟ್ಟು ಕಾವು ಕೂತಳು.

ಮಳೆ ಬಿಡುವು ಕೊಟ್ಟ ಒಂದು ಸಂಜೆ ಸಿದ್ದಮ್ಮ ನೀರು ಕುಡಿಯಲು ಬಂದಳು. ಸೊಂಡಿಲು ಅದ್ದಿ ಎಳೆದಳು. ಬಂದದ್ದು ಕೆಸರು. ಇನ್ನೂ ಒಳಗೆ ಹೋದಳು. ಮೊದಲು ಹೊಟ್ಟೆ ಮುಟ್ಟುತ್ತಿದ್ದ ನೀರು ಈಗ ಮೊಣಕಾಲಿಗೂ ಬರಲಿಲ್ಲ. ಅವಳು ಅಲ್ಲೇ ನಿಂತುಬಿಟ್ಟಳು.

"ರಂಗಿ, ಇದು ಯಾವಾಗ ಹೀಗಾಯ್ತೇ?" ಎಂದು ಕೇಳಿದಳು.

"ಒಂದೇ ದಿನ ಆದದ್ದಲ್ಲ ದೊಡ್ಡಮ್ಮ. ಸ್ವಲ್ಪ ಸ್ವಲ್ಪವಾಗಿ ಆಯ್ತು. ನೀವು ಪ್ರತಿ ಸಲ ದಾರಿಯ ಹತ್ತಿರ ನಿಂತು ನೋಡ್ತಿದ್ರಿ. ನಾವು ಇಲ್ಲೇ ಕೆರೆಯಲ್ಲೇ ಇದ್ವಿ. ಎಲ್ಲವೂ ಇಲ್ಲಿಗೇ ಬಂದು ಸೇರ್ತಿತ್ತು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿದ್ದಮ್ಮನಿಗೆ ಅದೇ ಹೆಚ್ಚು ನೋವಾಯಿತು.

ಅವಳು ಕೆಂಪು ನೀರು ಬರುತ್ತಿದ್ದ ಜಾಡು ಹಿಡಿದು ಮೇಲಕ್ಕೆ ನಡೆದಳು. ಮುಳ್ಳುಹಂದಿಯ ದಾರಿ ಸಿಕ್ಕಿತು. ಅದರ ತುದಿಯಲ್ಲಿ ಜಿಂಕೆಗಳ ದಾರಿ. ಅದರ ತುದಿಗೆ ಕರಡಿಯದು. ಅದರಾಚೆ ಕಾಡೆಮ್ಮೆಯದು. ಎಲ್ಲೂ ಪೊದೆ ಅಡ್ಡ ಬರಲಿಲ್ಲ, ಎಲ್ಲೂ ತಿರುಗಬೇಕಾಗಲಿಲ್ಲ. ನಡೆದು ನಡೆದು ಕೊನೆಗೆ ತಲೆಯೆತ್ತಿ ನೋಡಿದರೆ ಎದುರಿಗೆ ಕೆಂಚನ ಗುಹೆ!

"ಅಯ್ಯೋ ನನ್ನ ಬುದ್ಧಿಯೇ! ನಾನು ಬೇಡ ಅಂದ ದಾರಿಯನ್ನ ನಾನೇ ಬಿಡಿಸಿಕೊಟ್ಟಿದ್ದೀನಿ" ಎಂದು ಸಿದ್ದಮ್ಮ ತಲೆ ತಗ್ಗಿಸಿದಳು.

"ಕೆಂಚ!" ಎಂದು ಕೂಗಿದಳು. ಗುಹೆ ಖಾಲಿಯಾಗಿತ್ತು.

ಸಿದ್ದಮ್ಮ ದಾರಿಯಲ್ಲಿ ನಿಂತು ನಿಂತು ನೋಡುತ್ತ ಬಂದಿದ್ದಳು. ಅವಳು ಮೇಲೆ ಬರುತ್ತಿರುವುದನ್ನು ಕಂಡ ಕೆಂಚ ಪೊದೆಯಲ್ಲಿ ಅಡಗಿ, ಅವಳು ದಾಟಿದ ಮೇಲೆ ಕೆಳಗೆ ಓಡಿದ್ದ. ದಾರಿಯಾದ ಕೂಡಲೇ ಮಳೆ ಹಿಡಿದು ಮೊದಲ ಮೊಟ್ಟೆಗಳು ಹೂತುಹೋಗಿದ್ದವು; ಅವನು ಇಷ್ಟು ದಿನ ಕಾದದ್ದು ಈ ಹೊಸ ಮೊಟ್ಟೆಗಳಿಗೇ. ಮುಸುವಗಳ ಕಣ್ಣಿಗೆ ಬೀಳದೆ ಸರ್ರನೆ ಕೆರೆ ತಲುಪಿದ. ಕೆರೆಯಲ್ಲಿ ಹೂಳು ತುಂಬಿ ದಡದಿಂದ ಗೂಡಿನವರೆಗೂ ನೆಲ ಕಾಣುತ್ತಿತ್ತು. ನೆಲದ ಮೇಲೆ ಹಸಿರು ಪಾಚಿ ಹಾಸಿತ್ತು.

ರಂಗಿ ಅವನನ್ನು ನೋಡಿದಳು. ಹಾರಬಹುದಿತ್ತು. ಹಾರಲಿಲ್ಲ. ರೆಕ್ಕೆ ಅಗಲಿಸಿ ಮೊಟ್ಟೆಗಳ ಮೇಲೆ ಇನ್ನಷ್ಟು ಅವುಚಿ ಕೂತಳು.

"ಬಾ ಕೆಂಚ. ಒಂದು ಸಲ ಮೊಟ್ಟೆ ಕಳ್ಕೊಂಡದ್ದು ಸಾಕು, ಈ ಸಲ ನಾನು ಬಿಟ್ಟು ಹೋಗಲ್ಲ" ಎಂದಳು.

ಕೆಂಚ ಹಲ್ಲು ಕಿರಿದು ಒಂದೇ ನೆಗೆತ ನೆಗೆದ. ನಾಲ್ಕು ಕಾಲೂ ಪಾಚಿಯ ಮೇಲೆ ಬಿದ್ದವು. ಪಾಚಿಯ ಕೆಳಗೆ ಗಟ್ಟಿ ನೆಲವೇ ಇರಲಿಲ್ಲ. ಗುಡ್ಡದಿಂದ ಬಂದ ಹೊಸ ಮಣ್ಣು ಅಲ್ಲಿ ಹಿಟ್ಟಿನಂತೆ ನೆನೆದು ನಿಂತಿತ್ತು. ಕೆಂಚ ಹೊಟ್ಟೆಯವರೆಗೂ ಇಳಿದ. ಒದ್ದಾಡಿದ. ಒದ್ದಾಡಿದಷ್ಟೂ ಇಳಿದ. ಕೆಸರು ಕುತ್ತಿಗೆಗೆ ಬಂದಾಗ ಮೊಟ್ಟೆಯ ಆಸೆ ಮರೆತುಹೋಯಿತು.

"ದೊಡ್ಡಮ್ಮಾ! ಸತ್ತೆ! ಯಾರಾದರೂ ಬನ್ನಿ!"

ಆ ಕೂಗು ಗುಡ್ಡಕ್ಕೆಲ್ಲ ಕೇಳಿಸಿತು. ಕರಡಿ ಬಂತು, ಜಿಂಕೆಗಳು ಬಂದವು, ಕಾಡೆಮ್ಮೆ ಬಂತು. ಮುಳ್ಳುಹಂದಿ ಕಾಲೆಳೆಯುತ್ತ ಬಂತು. ಸಿದ್ದಮ್ಮನೂ ಏದುಸಿರು ಬಿಡುತ್ತ ಇಳಿದು ಬಂದಳು. ಬರುವಾಗಲೇ ಒಂದು ಉದ್ದನೆಯ ಕೊಂಬೆ ಮುರಿದು ತಂದಿದ್ದಳು.

"ಕಚ್ಕೊಳೋ, ಬೇಗ!" ಎಂದು ಕೊಂಬೆ ಚಾಚಿದಳು. ಕೆಂಚ ಹಲ್ಲಿನಲ್ಲಿ ಕಚ್ಚಿ ಹಿಡಿದ. ಸಿದ್ದಮ್ಮ ಎಳೆದಳು. ಪಚಕ್ ಎಂದು ಸದ್ದಾಗಿ ಅವನು ದಡಕ್ಕೆ ಬಂದು ಬಿದ್ದ. ಮೂತಿಯಿಂದ ಬಾಲದವರೆಗೆ ಒಂದೇ ಬಣ್ಣ. ನರಿಯೆಂದು ಗುರುತು ಸಿಗುವಂತಿರಲಿಲ್ಲ. ಕರಡಿಮರಿ ನಕ್ಕುಬಿಟ್ಟಿತು.

"ಇದು ಯಾವ ದಾರಿಯ ಮಣ್ಣು ಕೆಂಚ?" ಎಂದು ಸಿದ್ದಮ್ಮ ಕೇಳಿದಳು.

ಕೆಂಚ ಕೆಮ್ಮುತ್ತ, "ಯಾವುದರದ್ದೂ ಇಷ್ಟೊಂದಿರಲಿಲ್ಲ ದೊಡ್ಡಮ್ಮ. ಒಂದೊಂದು ದಾರಿಯಿಂದ ಬಂದದ್ದು ಚೂರೇ ಚೂರು..." ಎಂದು ತೊದಲಿದ.

"ಆ ಚೂರುಗಳೆಲ್ಲ ಸೇರಿದ್ದರಲ್ಲೇ ನೀನು ಈಗ ಮುಳುಗ್ತಿದ್ದದ್ದು."

ಕೆಂಚ ಇನ್ನು ಮುಚ್ಚಿಡಲಿಲ್ಲ. ಯಾರ್ಯಾರ ಬಾಯಲ್ಲಿ ಏನೇನು ಕೇಳಿಸಿದೆ ಎಂದು ಒಂದೊಂದಾಗಿ ಹೇಳಿಬಿಟ್ಟ. ಕಾಡೆಮ್ಮೆ ಕೊಂಬು ತಗ್ಗಿಸಿ ಮುಂದೆ ಬಂತು. ಸಿದ್ದಮ್ಮ ಅಡ್ಡ ನಿಂತಳು.

"ಬೇಡಮ್ಮ. ಅವನ ಹಸಿವಿಗೆ ನಾನು ಬಯ್ಯಲ್ಲ, ಅವನು ಹುಟ್ಟಿದ್ದೇ ನರಿಯಾಗಿ. ಆದರೆ ನಿಮ್ಮ ಕಷ್ಟವನ್ನ ಮುಂದೆ ಮಾಡಿಕೊಂಡು ಎಲ್ಲರ ಕೆರೆ ಕೆಡಿಸಿದನಲ್ಲ, ಅದು ತಪ್ಪು. ತಪ್ಪು ನನ್ನದೂ ಇದೆ. ಕೇಳಿದವರ ಮುಖ ನೋಡಿದೆ, ಕೆರೆಯ ಮುಖ ನೋಡಲಿಲ್ಲ. ರಂಗಿ, ನೀನು ಹೇಳೋಕೆ ಬಂದಾಗ ನಿನ್ನ ಮಾತನ್ನ ಪೂರ್ತಿ ಕೇಳಲಿಲ್ಲ. ಮನಸ್ಸಲ್ಲಿ ಇಟ್ಕೋಬೇಡ ತಾಯಿ."

ರಂಗಿ ಗೂಡಿನಿಂದಲೇ, "ಈಗ ಕೇಳಿದಿರಲ್ಲ ದೊಡ್ಡಮ್ಮ" ಎಂದಳು.

ಮರುದಿನದಿಂದ ಕೆಲಸ ಶುರುವಾಯಿತು. ಕಾಡೆಮ್ಮೆ, ಕರಡಿ, ಜಿಂಕೆಗಳು ತಾವಾಗಿಯೇ ತಮ್ಮ ದಾರಿ ಬಿಟ್ಟುಕೊಟ್ಟವು. ಹಳೆಯ ಕಾಲುದಾರಿಗಳು ಸ್ವಲ್ಪ ಸುತ್ತಾದರೂ ನಡೆಯುತ್ತವೆ ಎಂದವು. ಸಿದ್ದಮ್ಮ ಇಳಿಜಾರಿಗೆ ಅಡ್ಡಡ್ಡವಾಗಿ ಮರದ ದಿಮ್ಮಿಗಳನ್ನು ಮಲಗಿಸಿದಳು. ಕೆಂಚನಿಗೆ ಹುಲ್ಲಿನ ಬುಡ ಕಿತ್ತು ತಂದು ನೆಡುವ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಗುಡ್ಡ ಹತ್ತಿ ಇಳಿದ. ಮುಸುವಗಳು ಮರದ ಮೇಲಿಂದ, "ಏನ್ ಕೆಂಚಣ್ಣ, ಈಗ ಹುಲ್ಲು ತಿಂತೀಯಾ?" ಎಂದು ರೇಗಿಸಿದವು. ಬಾಯಿ ತುಂಬ ಹುಲ್ಲಿದ್ದುದರಿಂದ ಅವನಿಗೆ ಉತ್ತರ ಕೊಡಲೂ ಆಗಲಿಲ್ಲ.

ಮುಳ್ಳುಹಂದಿಯ ದಾರಿಯನ್ನು ಮಾತ್ರ ಮುಚ್ಚಲಿಲ್ಲ. ಅದಕ್ಕೆ ಬೇರೆ ದಾರಿಯಿರಲಿಲ್ಲ. ಮಳೆನೀರು ನೇರವಾಗಿ ಕೆರೆಗೆ ಹರಿಯದಂತೆ ಅದನ್ನು ಗೆಡ್ಡೆಗಳವರೆಗೆ ಬಳಸಿ ತಿರುಗಿಸಿ, ಪಕ್ಕದಲ್ಲೆಲ್ಲ ಪೊದೆ ಬೆಳೆಯಲು ಬಿಟ್ಟರು.

ಕೆರೆ ಒಮ್ಮೆಗೇ ತಿಳಿಯಾಗಲಿಲ್ಲ. ಆ ಬೇಸಿಗೆಯಲ್ಲಿ ಎಲ್ಲರೂ ಬಗ್ಗಡ ನೀರನ್ನೇ ಕುಡಿದರು. ಮುಂದಿನ ಮಳೆಗಾಲದಲ್ಲಿ ಕೆಂಪು ಸ್ವಲ್ಪ ತಗ್ಗಿತು. ಅದರ ಮುಂದಿನ ಮಳೆಗೆ ಮೀನುಗಳು ಕಾಣಿಸಿದವು. ರಂಗಿಯ ಕಪ್ಪು ಮರಿಗಳು ಆಗಲೇ ಬೆಳೆದು ತಮ್ಮದೇ ಗೂಡು ಹುಡುಕುತ್ತಿದ್ದವು.

ಆಗ ಒಂದು ದಿನ ಮುಂಗುಸಿ ಬಂದು ಸಿದ್ದಮ್ಮನ ಕಾಲ ಬಳಿ ನಿಂತಿತು. "ದೊಡ್ಡಮ್ಮ, ನನಗೊಂದು ದಾರಿ ಬೇಕಿತ್ತು. ತುಂಬ ಪುಟ್ಟದು. ಬಂದು ನೋಡ್ತೀರಾ?"

"ಬರ್ತೀನಿ ಕಂದ" ಎಂದಳು ಸಿದ್ದಮ್ಮ. ಆದರೆ ದಾರಿ ಬೇಕೆಂದ ಕಡೆಗೆ ಹೋಗಲಿಲ್ಲ. ಮುಂಗುಸಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ನೇರವಾಗಿ ಕೆರೆಗೆ ಇಳಿದಳು. ನೀರು ಅವಳ ಹೊಟ್ಟೆ ಮುಟ್ಟಿತು. ಅಲ್ಲಿಂದ ಇಡೀ ಗುಡ್ಡ ಕಾಣುತ್ತಿತ್ತು. ಮುಚ್ಚಿದ ದಾರಿ, ಉಳಿದ ದಾರಿ, ಇಳಿದು ಬರುವ ತೊರೆಗಳು, ಎಲ್ಲವೂ.

"ಈಗ ಹೇಳು. ಇದರಲ್ಲಿ ನಿನ್ನ ದಾರಿ ಎಲ್ಲಿ ಬರುತ್ತೆ?"

ಮುಂಗುಸಿ ದಾರಿಗಳನ್ನೂ ತೊರೆಗಳನ್ನೂ ಒಂದೊಂದಾಗಿ ನೋಡಿತು. ಆಮೇಲೆ ಮೆಲ್ಲಗೆ, "ಆ ತೊರೆಯ ಈಚೆಗೇ ನಿಲ್ಲಿಸಿದರೆ ಆಗುತ್ತೆ ದೊಡ್ಡಮ್ಮ. ದಾಟೋದು ಬೇಡ" ಎಂದಿತು.

ನೀತಿ: ಒಂದೊಂದು ಕೆಲಸದಿಂದ ಆಗುವ ಹಾನಿ ಚಿಕ್ಕದಾಗಿ ಕಾಣಬಹುದು; ಆದರೆ ಹಿಂದಿನವು, ಇಂದಿನದು, ಮುಂದಿನವು ಎಲ್ಲವನ್ನೂ ಸೇರಿಸಿ, ಪೆಟ್ಟು ತಿನ್ನುವವರ ಕಡೆಯಿಂದ ನೋಡಿದ ಮೇಲೆಯೇ ಹೂಂ ಎನ್ನಬೇಕು.