ನಾಣ್ಯದ ಹಿಂಬದಿಯವಳು

ರೋಮಿನ ಬೆಳ್ಳಿ ನಾಣ್ಯವೊಂದು ಹಡಗು ಹತ್ತಿ ಬಂದು, ಕರಾವಳಿಯ ಅಕ್ಕಸಾಲಿಗ ಕಾಳೋಜನ ಕೈಸೇರಿತು. ಅದರ ಮುಂಬದಿಯಲ್ಲಿ ಚಕ್ರವರ್ತಿಯ ಮುಖವಿತ್ತು. ಹಿಂಬದಿಯಲ್ಲಿ ಅವನು ಗೆದ್ದ ನಾಡಿನ ಹೆಂಗಸೊಬ್ಬಳು ಕೈ ಕಟ್ಟಿಸಿಕೊಂಡು ಕೂತಿದ್ದಳು.

ಮೇಲೆ ಬೆಳ್ಳಿ ಬಳಿದು ಒಳಗೆ ತಾಮ್ರ ತುಂಬಿರುತ್ತಾರೆಂದು, ಪರದೇಶದ ನಾಣ್ಯವನ್ನು ಕಡಿದು ನೋಡುವುದು ಕಾಳೋಜನ ಪದ್ಧತಿ. ಅವನು ಚಕ್ರವರ್ತಿಯ ಕೆನ್ನೆಗೆ ಉಳಿ ಇಟ್ಟ.

"ನಾನು ಯಾರು ಗೊತ್ತೇನು? ನಾಡುಗಳನ್ನು ಗೆದ್ದವನು," ಎಂದ ಚಕ್ರವರ್ತಿ.

"ನನಗೆ ಬೇಕಾದದ್ದು ಬೆಳ್ಳಿ," ಎಂದಿತು ಉಳಿ, ಕೆನ್ನೆಯನ್ನು ಸೀಳಿತು. ಒಳಗೂ ಬೆಳ್ಳಿಯೇ ಇತ್ತು.

"ನೋಡಿದೆಯಾ, ನಾನು ಅಪ್ಪಟ," ಎಂದು ಚಕ್ರವರ್ತಿ ಬೀಗಿದ.

ಹಿಂಬದಿಯ ಹೆಂಗಸು ಸಿಡಿದಳು. "ಅದು ನಮ್ಮೂರ ಹೆಂಗಸರ ಕಾಲಿನಿಂದ ಕಿತ್ತ ಕಡಗ. ಅದನ್ನು ಕರಗಿಸಿ ನಿನ್ನ ಮುಖ ಒತ್ತಿಸಿಕೊಂಡೆ, ನನ್ನ ಕೈಗೆ ಹಗ್ಗ ಬಿಗಿಸಿದೆ. ಅಪ್ಪಟನಂತೆ, ನಾಚಿಕೆಗೆಟ್ಟವನು."

ಕಾಳೋಜ ನಾಣ್ಯವನ್ನು ಮೂಸೆಗೆ ಹಾಕಿ, ಕೆಂಡದ ಮೇಲಿಟ್ಟು, ಊದುಗೊಳವೆ ಎತ್ತಿಕೊಂಡ.

ಚಕ್ರವರ್ತಿ ಬೆದರಿದ. "ಅವನಿಗೆ ಬೇಡವೆಂದು ಹೇಳು. ನಾನು ಕರಗಿದರೆ ನೀನೂ ಇರುವುದಿಲ್ಲ."

"ಇದ್ದು, ನಿನ್ನ ಗೆಲುವನ್ನು ಊರೂರಿಗೆ ಸಾರಲೇ?" ಎಂದು ಅವಳು ಕಾಳೋಜನತ್ತ ತಿರುಗಿದಳು. "ಊದಣ್ಣ, ಇನ್ನೂ ಜೋರಾಗಿ ಊದು."