ಕಡಲು ಉಟ್ಟ ಸುಲು

ಲೋಕ ಆಗಿನ್ನೂ ಹೊಸದು. ಬೆಟ್ಟಗಳ ಮೈ ಕೂಡ ಸರಿಯಾಗಿ ಆರಿರಲಿಲ್ಲ. ಫಿಜಿಯ ಒಂದು ದ್ವೀಪದಲ್ಲಿ ಸೆನಿಮಿಲಿ ಎಂಬ ಮುದುಕಿಯಿದ್ದಳು. ಎಲ್ಲರೂ ಅವಳನ್ನು ‘ಬುಬು’ ಎನ್ನುತ್ತಿದ್ದರು. ಬುಬು ಎಂದರೆ ಅಲ್ಲಿ ಅಜ್ಜಿ.

ಅವಳ ಊರಿಗೊಂದು ಕಟ್ಟಳೆ. ಒಳಗೆ ಬರುವವರು ಯಾರೇ ಆಗಲಿ, ಸೊಂಟಕ್ಕೆ ಸುಲು ಸುತ್ತಿ, ಮೊಣಕಾಲು ಮುಚ್ಚಿಕೊಂಡು ಬರಬೇಕು. ಸುಲು ಎಂದರೆ ನಮ್ಮ ಪಂಚೆಯಂಥದ್ದೇ. ಉಟ್ಟು ಬಂದರೆ ಊರಿಗೆ ಮರ್ಯಾದೆ ಕೊಟ್ಟಂತೆ. ಇಲ್ಲದವರಿಗೆ ಮಾಡಿಕೊಡುವುದು ಬುಬುವಿನ ಕೆಲಸ. ಮರದ ತೊಗಟೆ ಸುಲಿಯಬೇಕು, ನೆನೆಸಬೇಕು, ಕೊಡತಿಯಿಂದ ಬಡಿದು ಬಡಿದು ಬಟ್ಟೆಯಷ್ಟು ತೆಳ್ಳಗೆ ಮಾಡಬೇಕು. ಬೆಟ್ಟಕ್ಕೊಂದು ಮಾಡಿದಳು, ಗಾಳಿಗೊಂದು ಮಾಡಿದಳು, ಹಂದಿಗೂ ಒಂದು ಮಾಡಿದಳು. ಅವಳ ರಟ್ಟೆ ಬಿದ್ದುಹೋಗಿತ್ತು.

“ಒಂದು ಗಳಿಗೆ ಮಲಗುತ್ತೇನಪ್ಪ” ಎಂದು ಚಾಪೆ ಹಾಸಿದಳು. ಅಷ್ಟರಲ್ಲಿ ಕಡಲು ಬಂದಿತು.

“ಬುಬು, ನಾನೂ ಊರೊಳಗೆ ಬರಬೇಕು. ಒಂದು ಸುಲು ಮಾಡಿಕೊಡು.”

“ನಿನ್ನ ಸೊಂಟ ನೋಡಿಕೊಂಡಿದ್ದೀಯೇನೋ ದಡಿಯಾ? ಅದಕ್ಕೆ ಕಾಡೇ ಬೇಕು!” ಎಂದು ಗದರಿದಳು. ಆದರೂ ಕೊಡತಿ ಎತ್ತಿದಳು. ಕೇಳಿದವರಿಗೆ ಇಲ್ಲವೆಂದರೆ ಊರಿನ ಮಾನ ಹೋಗುತ್ತದಲ್ಲ.

ಬಿಳೀ ಸುಲು ಉಟ್ಟು ಕಡಲು ಠೀವಿಯಿಂದ ದಂಡೆ ಹತ್ತಿತು. ತೊಗಟೆಯ ಬಟ್ಟೆ ನೀರಲ್ಲಿ ನಿಂತೀತೇ? ಅಂಚು ಚಿಂದಿಯಾಗಿ ಉದುರಿತು. ಕಡಲು ನಾಚಿ ಹಿಂದಕ್ಕೋಡಿತು.

“ಬುಬು, ಹರಿಯಿತು!”

ಬುಬು ಮತ್ತೆ ಬಡಿದಳು. ಮತ್ತೆ ಹರಿಯಿತು. ಮತ್ತೆ ಬಡಿದಳು.

“ನನ್ನ ಮೈಮೇಲೆ ತೊಗಟೆಯೇ ಉಳಿದಿಲ್ಲ, ತಾಯಿ” ಎಂದಿತು ಮರ.

“ನನ್ನ ಕೈಯಲ್ಲೂ ಏನೂ ಉಳಿದಿಲ್ಲ, ಮಗಾ” ಎಂದಳು ಬುಬು. ಅವಳಿಗೆ ಅಳು ಬಂತು. ಅತ್ತು ಅತ್ತು, ಕೊಡತಿ ಹಿಡಿದುಕೊಂಡೇ ನಿದ್ದೆಹೋದಳು.

ಕಡಲು ಮತ್ತೆ ಕೇಳಲು ಬಂದಿತು. ಬುಬುವಿನ ಅಂಗೈ ತುಂಬ ಬೊಬ್ಬೆಗಳು. ಕಡಲು ಅಲ್ಲೇ ನಿಂತು ನೋಡಿತು.

“ಎಬ್ಬಿಸಲೇ?” ಗಾಳಿ ಕೇಳಿತು.

“ಬೇಡ ಮಾರಾಯ. ಪಾಪ, ಮಲಗಲಿ. ನಾನು ಹರಿದದ್ದನ್ನೇ ಉಟ್ಟು ಹೊರಗಿರುತ್ತೇನೆ.”

ಅದಕ್ಕೇ ಮಗು, ಇವತ್ತಿಗೂ ಕಡಲು ದಂಡೆಯವರೆಗೆ ಬಂದು, ಬುಬು ಎದ್ದಳೇ ಎಂದು ನೋಡಿ, ಸುಲುವಿನ ಬಿಳೀ ನೊರೆಯಂಚನ್ನು ಮರಳ ಮೇಲೆ ಉದುರಿಸಿಕೊಂಡು, ಅವಳನ್ನು ಎಬ್ಬಿಸದೆ ಮೆಲ್ಲಗೆ ಹಿಂದಕ್ಕೆ ಹೋಗುತ್ತದೆ.